ಕಚೇರಿ ಅಂಗಳದ ಮಳೆ ಲೆಕ್ಕ

ಮುಂಜಾನೆ ಎಂಟೂವರೆ. ತಾಲ್ಲೂಕು ಕೇಂದ್ರದ ಸರ್ಕಾರಿ ಆವರಣದಲ್ಲಿ ತಂತಿ ಬೇಲಿ ಹಾಕಿದ ಸಣ್ಣದೊಂದು ಜಾಗ. ನೆಲದಲ್ಲಿ ಅರ್ಧ ಹೂತ ದುಂಡನೆಯ ಪಾತ್ರೆಯ ಮೇಲ್ಭಾಗವನ್ನು ಸಿಬ್ಬಂದಿ ತೆಗೆಯುತ್ತಾರೆ, ಒಳಗಿನ ಬಾಟಲಿ ಎತ್ತಿ ನೀರನ್ನು ಗೆರೆ ಕೊರೆದ ಗಾಜಿನ ಅಳತೆಗೆ ಸುರಿಯುತ್ತಾರೆ. ಅಳತೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಗಾಜಿಗೆ ಅಂಟಿ ಮೇಲೇರಿದ ಅಂಚನ್ನು ಬಿಟ್ಟು, ನಡುವೆ ತಗ್ಗಿದ ನೀರಿನ ಗೆರೆಯನ್ನು ಓದುತ್ತಾರೆ. ಆಮೇಲೆ ಪುಸ್ತಕದಲ್ಲಿ ಒಂದು ಅಂಕಿ. ಹನಿ ಬೀಳದ ದಿನವೂ ಪಾತ್ರೆ ತೆರೆದು ನೋಡಿ ಸೊನ್ನೆ ಬರೆಯಬೇಕು. ಖಾಲಿ ಬಿಟ್ಟ ಅಂಕಣದಿಂದ ಯಾರಿಗೂ ಏನೂ ತಿಳಿಯುವುದಿಲ್ಲ, ಸೊನ್ನೆಯಿಂದ ತಿಳಿಯುತ್ತದೆ. ಬರಗಾಲದ ಲೆಕ್ಕ ನಿಂತಿರುವುದೇ ಅಂಥ ಸೊನ್ನೆಗಳ ಮೇಲೆ.

ಹವಾಮಾನ ವೀಕ್ಷಣೆಯ ಚರಿತ್ರೆ ಬರೆಯುವವರು ಇಂಥ ಅಂಗಳಗಳಿಗೆ ಬರುವುದು ಕಡಿಮೆ. ಅವರ ಕಣ್ಣು ಬೆಟ್ಟದ ತುದಿಯ ಮೇಲೆ. ಸ್ಕಾಟ್ಲೆಂಡಿನ ಬೆನ್ ನೆವಿಸ್ ಶಿಖರದಲ್ಲಿ 1883ರಿಂದ 1904ರವರೆಗೆ ಒಂದು ವೀಕ್ಷಣಾಲಯವಿತ್ತು. ಕಾಯಂ ನೌಕರರಿಗೆ ಬಿಡುವು ಕೊಡಲು ಬೇಸಿಗೆಯಲ್ಲಿ ತರುಣರನ್ನು ಅಲ್ಲಿಗೆ ಕರೆಸಿಕೊಳ್ಳುತ್ತಿದ್ದರು. 1894ರ ಸೆಪ್ಟೆಂಬರಿನಲ್ಲಿ ಹಾಗೆ ಎರಡು ವಾರಕ್ಕೆಂದು ಹೋದವರು ಸಿ.ಟಿ.ಆರ್. ವಿಲ್ಸನ್. ಮೋಡದ ಮೇಲೆ ಬಿದ್ದ ಬಿಸಿಲು ಬಿಡಿಸಿದ ಬಣ್ಣದ ಬಳೆಗಳನ್ನು ಕಂಡು ಅವನ್ನು ಪ್ರಯೋಗಶಾಲೆಯಲ್ಲೇ ಮೂಡಿಸಲು ಹೊರಟರು. ಆ ಹಾದಿ 1911ರಲ್ಲಿ ಮೋಡದ ಪೆಟ್ಟಿಗೆಗೂ 1927ರಲ್ಲಿ ನೊಬೆಲ್ ಪ್ರಶಸ್ತಿಗೂ ಮುಟ್ಟಿತು. ಕಣ್ಣಿಗೆ ಕಾಣದ ಕಣಗಳ ಜಾಡನ್ನು ಮಂಜಿನ ಗೆರೆಯಾಗಿ ತೋರಿಸುವ ಪೆಟ್ಟಿಗೆ ಅದು.

ದಕ್ಷಿಣ ಭಾರತದಲ್ಲಿ ಈ ಸಾಹಸ ಅದಕ್ಕಿಂತ ಮೊದಲೇ ನಡೆದಿತ್ತು. ಮದ್ರಾಸಿನ ಸರ್ಕಾರಿ ಖಗೋಳಜ್ಞ ಟಿ.ಜಿ. ಟೇಲರ್ ಮೇಲ್ವಿಚಾರಣೆಯಲ್ಲಿ 1847ರಲ್ಲಿ ನೀಲಗಿರಿಯ ದೊಡ್ಡಬೆಟ್ಟದ ಮೇಲೆ ಹವಾಮಾನ ವೀಕ್ಷಣೆ ಶುರುವಾಯಿತು. ತಿರುವನಂತಪುರದ ವೀಕ್ಷಣಾಲಯದ ಜಾನ್ ಅಲನ್ ಬ್ರೌನ್ 1855ರಲ್ಲಿ ಆನೆಗಳು ಓಡಾಡುವ ಕಾಡು ದಾಟಿ ಅಗಸ್ತ್ಯಮಲೆಯ ತುದಿಯಲ್ಲಿ ವೀಕ್ಷಣಾಲಯ ಕಟ್ಟಿಸಿದರು. ಓದಲು ರೋಮಾಂಚಕವಾದ ಕಥೆಗಳು. ಆದರೆ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ರೈತನಿಗೆ ಬಿತ್ತಲೋ ಬೇಡವೋ ಎಂಬ ಪ್ರಶ್ನೆಗೆ ಶಿಖರದಿಂದ ಉತ್ತರ ಬಂದದ್ದಿಲ್ಲ. ಈ ಸೀಮೆಯ ಮಳೆಯ ಚರಿತ್ರೆಯನ್ನು ಕೂಡಿಸಿದವರು ಬಯಲಿನಲ್ಲೇ ನಿಂತು ಅಳೆದವರು. ಅವರ ಹೆಸರುಗಳು ಎಲ್ಲೂ ಅಚ್ಚಾಗಿಲ್ಲ.

ಈ ಸೀಮೆಯನ್ನು ಮಳೆಯ ಕಣ್ಣಿನಿಂದ ನೋಡಬೇಕು. ಅರಬ್ಬಿ ಸಮುದ್ರದ ಗಾಳಿ ಸಹ್ಯಾದ್ರಿಗೆ ಬಡಿದು ಮೇಲೇರಿ ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಸುತ್ತದೆ. ಘಟ್ಟ ಇಳಿದು ಮೂಡಲಿಗೆ ಬರಬರುತ್ತ ಅದರ ಕೈ ಬರಿದಾಗುತ್ತದೆ. ಹಾನಗಲ್ಲ ಇರುವುದು ಮಲೆನಾಡಿನ ಸೆರಗಿನಲ್ಲಿ. ಕೆರೆ, ಭತ್ತ, ಮಾವಿನ ತೋಪುಗಳ ಊರು. ಅಲ್ಲಿಂದ ನೇರ ಗೆರೆಯಲ್ಲಿ ಸುಮಾರು 30 ಕಿ.ಮೀ. ದೂರದ ಸವಣೂರು ಬಯಲುಸೀಮೆಯ ಮುಖ ಹೊತ್ತಿದೆ. ಅಲ್ಲಿ ಎರೆ ಹೊಲ, ಹತ್ತಿ, ಜೋಳ, ನೀರಾವರಿ ಇದ್ದಲ್ಲಿ ಎಲೆಬಳ್ಳಿ. ಶಿಗ್ಗಾವಿ ಎರಡರ ನಡುವೆ. ಹಿರೇಕೆರೂರು ಶಿಕಾರಿಪುರದ ಕಡೆಯ ಗುಡ್ಡಸಾಲಿಗೆ ಒರಗಿಕೊಂಡಿದೆ. ಒಂದು ದಿನದ ಬಂಡಿ ದಾರಿಯೊಳಗೆ ಬೆಳೆ ಬದಲಾಗುತ್ತದೆ, ಮಣ್ಣು ಬದಲಾಗುತ್ತದೆ, ಬಿತ್ತನೆಯ ಹೊತ್ತು ಬದಲಾಗುತ್ತದೆ. ಮಳೆಯನ್ನು ಊರೂರಿಗೆ ಅಳೆಯಬೇಕು ಎಂಬುದನ್ನು ತೋರಿಸಿಕೊಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ.

ಗಾಜಿನ ಅಳತೆ ಬರುವ ಮೊದಲೂ ಇಲ್ಲಿ ಲೆಕ್ಕ ಇತ್ತು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ 13-14 ದಿನಗಳಿಗೆ ಒಂದೊಂದು ಮಳೆ. ಏಪ್ರಿಲ್ ಕೊನೆಯ ಭರಣಿ, ಮೇ ಕೊನೆಯ ರೋಹಿಣಿ, ಜೂನ್ 7-8ಕ್ಕೆ ಕೂಡುವ ಮೃಗಶಿರ, ಅಂದರೆ ಜನರ ಬಾಯಲ್ಲಿ ಮಿರಗ. ಆಮೇಲೆ ಆರಿದ್ರ, ಜುಲೈನಲ್ಲಿ ಅಣ್ಣ-ತಮ್ಮಂದಿರ ಮಳೆ ಎನ್ನಿಸಿಕೊಂಡ ಪುನರ್ವಸು ಮತ್ತು ಪುಷ್ಯ. ಹಿಂಗಾರಿ ಜೋಳಕ್ಕೆ ಹಸ್ತ, ಚಿತ್ತೆಗಳ ದಾರಿ ಕಾಯುತ್ತಾರೆ. ಹಾನಗಲ್ಲ ಕಡೆ ರೋಹಿಣಿಯ ಹೊತ್ತಿಗೇ ಒಣ ಹೊಲದಲ್ಲಿ ಕೂರಿಗೆಯಿಂದ ಭತ್ತ ಬಿತ್ತುವ ರೂಢಿಯಿದೆ. ನಾಟಿ ಮಾಡದೆ, ಕೆಸರು ಮಾಡದೆ ಮುಂಗಾರಿಯನ್ನು ನಂಬಿ ಮಾಡುವ ಬಿತ್ತನೆ ಅದು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಮಾತು ಇವತ್ತಿಗೂ ಕಟ್ಟೆಯ ಮೇಲೆ ಕೇಳುತ್ತದೆ. ಪಂಚಾಂಗ ಓದುವವರು ಪ್ರತಿ ಮಳೆಗೂ ಈ ವರ್ಷ ಯಾವ ವಾಹನ ಎಂದು ಹೇಳುತ್ತಾರೆ. ಕಪ್ಪೆಯೋ ಕೋಣವೋ ಆದರೆ ಹಿರಿಯರ ಮುಖ ಅರಳುತ್ತದೆ.

ಈ ಪಟ್ಟಿಯನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ನಕ್ಷತ್ರದ ಲೆಕ್ಕ ಸೂರ್ಯನದು, ಚಂದ್ರನದಲ್ಲ. ಹೀಗಾಗಿ ಹಬ್ಬಗಳಂತೆ ಅದು ವರ್ಷವರ್ಷ ಹಿಂದೆಮುಂದೆ ಓಡುವುದಿಲ್ಲ. ಋತುವಿನ ಜೊತೆಗೇ ನಿಲ್ಲುತ್ತದೆ. ಅದು ಹೇಳದೇ ಇರುವುದು ಒಂದೇ: ಈ ವರ್ಷ ಎಷ್ಟು ಬಿತ್ತು ಎಂಬುದು. ಅದನ್ನು ರೈತ ಮಣ್ಣಿನಲ್ಲಿ ನೋಡಿಕೊಳ್ಳುತ್ತಿದ್ದ. ಗುದ್ದಲಿ ಹಾಕಿ, ಹಸಿ ಎಷ್ಟು ಆಳಕ್ಕೆ ಇಳಿದಿದೆ ಎಂದು ಬೆರಳಲ್ಲಿ, ಗೇಣಲ್ಲಿ ಅಳೆದು ‘ಹದ ಆಗೇತಿ’ ಎಂದರೆ ಕೂರಿಗೆ ಹೊಲಕ್ಕೆ ಹೋಗುತ್ತಿತ್ತು. ಮಳೆಮಾಪಕ ಹೇಳದ ಸಂಗತಿಯನ್ನು ಆ ಗೇಣು ಹೇಳುತ್ತದೆ. ಒಂದೇ 20 ಮಿ.ಮೀ. ಮಳೆ ಮಸಾರಿ ನೆಲದಲ್ಲಿ ಒಂದು ಆಳ, ಎರೆ ನೆಲದಲ್ಲಿ ಇನ್ನೊಂದು ಆಳ.

ಬರೆದಿಟ್ಟ ವಿದ್ಯೆಯೂ ಕನ್ನಡದಲ್ಲಿತ್ತು. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಮಳೆಯ ಮುನ್ಸೂಚನೆಯ ಮಾತುಗಳಿವೆ, ನೆಲದೊಳಗಿನ ನೀರನ್ನು ಪತ್ತೆ ಹಚ್ಚುವ ಲಕ್ಷಣಗಳಿವೆ. ಸುಮಾರು 1300ರ ರಟ್ಟಕವಿ ಅರ್ಹದ್ದಾಸನ ‘ರಟ್ಟಮತ’ವಂತೂ ಮಳೆ, ಮಿಂಚು, ಭೂಕಂಪಗಳ ಲಕ್ಷಣಕ್ಕೇ ಮೀಸಲಾದ ಗ್ರಂಥ, ಮುಂದಿನ ಶತಮಾನದಲ್ಲಿ ಅದು ತೆಲುಗಿಗೂ ಹೋಯಿತು. ಮಳೆಯನ್ನು ಪಾತ್ರೆಯಲ್ಲಿ ಹಿಡಿದು ಅಳೆಯುವ ಪದ್ಧತಿ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ: ಉಗ್ರಾಣದಲ್ಲಿ ಒಂದು ಮೊಳ ಬಾಯಿಯ ಕುಂಡ ಇಡಬೇಕು, ಒಂದೊಂದು ದೇಶಕ್ಕೆ ಇಷ್ಟಿಷ್ಟು ದ್ರೋಣ ಮಳೆ. ಆ ಗ್ರಂಥದ ಓಲೆಪ್ರತಿಯನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಾಶಾಸ್ತ್ರಿಗಳು. ಮಳೆಗೂ ಕಂದಾಯಕ್ಕೂ ಇರುವ ನಂಟು ಅಷ್ಟು ಹಳೆಯದು.

ಇನ್ನು ಬೆಟ್ಟದ ಮೇಲಿನ ಮುನ್ಸೂಚನೆ ಬೇಕೆಂದರೆ ಅದೂ ನೆರೆಯಲ್ಲೇ ಇದೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಮಾಲತೇಶ ದೇವರ ಗೊರವಯ್ಯ ಬಿಲ್ಲನ್ನೇರುತ್ತಾನೆ. ‘ಸದ್ದಲೇ’ ಎಂಬ ಒಂದು ಕೂಗಿಗೆ ಸಾವಿರಾರು ಜನ ಉಸಿರು ಬಿಗಿಹಿಡಿಯುತ್ತಾರೆ. ಆತ ನುಡಿದ ಕಾರಣಿಕವನ್ನು, ಅಂದರೆ ಒಂದು ಸಾಲಿನ ಭವಿಷ್ಯವಾಣಿಯನ್ನು, ಮಳೆ-ಬೆಳೆಗೆ, ರಾಜಕೀಯಕ್ಕೆ ಹೊಂದಿಸಿ ವರ್ಷವಿಡೀ ಅರ್ಥ ಬಿಡಿಸುತ್ತಾರೆ. ನಾಲ್ಕೂ ತಾಲ್ಲೂಕುಗಳ ಜನ ಅದನ್ನು ಕೇಳಲು ಹೋಗುತ್ತಾರೆ.

ಸರ್ಕಾರಕ್ಕೆ ಮಳೆಯ ಅಂಕಿ ಬೇಕಾದದ್ದು ಬರದ ಸಾವುಗಳ ಕಾರಣಕ್ಕೆ. ಇತಿಹಾಸದ ಪುಸ್ತಕಗಳು ಡೋಜಿ ಬರ ಎಂದು ಕರೆಯುವ 1791-92ರ ಬರದಲ್ಲಿ ಹೂಳುವವರಿಲ್ಲದೆ ಉಳಿದ ಬುರುಡೆಗಳ ನೆನಪಷ್ಟೇ ಉಳಿಯಿತು; ಎಷ್ಟು ಮಳೆ ಕೊರತೆಯಾಗಿತ್ತು ಎಂದು ಹೇಳಬಲ್ಲ ಒಂದೇ ಒಂದು ದಾಖಲೆ ಈ ಭಾಗದಲ್ಲಿಲ್ಲ. ಭಾರತ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ, ಹೆನ್ರಿ ಬ್ಲಾನ್‌ಫೋರ್ಡ್ ಅದರ ಮೊದಲ ಮುಖ್ಯಸ್ಥ. ಮರುವರ್ಷವೇ ಮುಂಗಾರು ಕೈಕೊಟ್ಟಿತು. 1876-78ರ ಬರ ಧಾರವಾಡ, ಕಲಾದಗಿ, ಬೆಳಗಾವಿ ಜಿಲ್ಲೆಗಳನ್ನೂ ಮೈಸೂರು ಸಂಸ್ಥಾನವನ್ನೂ ಹಿಂಡಿಹಾಕಿತು. ಬರದ ಆಯೋಗ ಕೂತಿತು. ಮುಂಗಾರಿನ ಬಗ್ಗೆ ಮುಂಚಿತವಾಗಿ ಏನಾದರೂ ಹೇಳಲು ಸಾಧ್ಯವೇ ಎಂಬ ಪ್ರಶ್ನೆ ಇಲಾಖೆಯ ಕೊರಳಿಗೆ ಬಿತ್ತು. ಬ್ಲಾನ್‌ಫೋರ್ಡ್ ಹಿಮಾಲಯದ ಹಿಮದ ಲೆಕ್ಕ ಹಿಡಿದು 1882ರಿಂದ ಪ್ರಾಯೋಗಿಕವಾಗಿ, 1886ರಿಂದ ಅಧಿಕೃತವಾಗಿ ಮುನ್ಸೂಚನೆ ಕೊಡತೊಡಗಿದರು. ಆದರೆ ಮುನ್ಸೂಚನೆ ನಿಜವಾಯಿತೇ ಸುಳ್ಳಾಯಿತೇ ಎಂದು ನೋಡಲು ಊರೂರಿನ ಮಳೆಯ ಅಂಕಿ ಇರಬೇಕಲ್ಲ? ತಾಲ್ಲೂಕಿನ ಮಾಮಲೇದಾರರ ಕಚೇರಿಯಲ್ಲಿ ಹೂತಿಟ್ಟ ಮಳೆಮಾಪಕದ ಮಹತ್ವ ಅಲ್ಲಿದೆ.

ಆ ಮಾಪಕಕ್ಕೆ ಸೈಮನ್ಸ್ ಎಂಬ ಹೆಸರು. 1860ರ ಸುಮಾರಿಗೆ ಬ್ರಿಟನ್ನಿನ ಹಳ್ಳಿಹಳ್ಳಿಗಳಲ್ಲಿ ಪಾದ್ರಿಗಳು, ಮೇಷ್ಟರು, ತೋಟದ ಮಾಲೀಕರಿಂದ ಮಳೆ ಅಳೆಸಲು ಶುರುಮಾಡಿದ ಜಾರ್ಜ್ ಜೇಮ್ಸ್ ಸೈಮನ್ಸ್‌ನ ಹೆಸರು. ಐದು ಇಂಚು ಬಾಯಿ, ಅಂದರೆ 127 ಮಿ.ಮೀ.; ಅದರ ಕೆಳಗೆ ಆಲಿಕೆ, ಆಲಿಕೆಯ ಕೆಳಗೆ ಬಾಟಲಿ. ಬಾಯಿ ನೆಲದಿಂದ ಸುಮಾರು ಒಂದು ಅಡಿ ಮೇಲಿರಬೇಕು, ಇಲ್ಲವಾದರೆ ನೆಲಕ್ಕೆ ಬಿದ್ದು ಚಿಮ್ಮಿದ ಹನಿ ಒಳಗೆ ಸೇರುತ್ತದೆ. ತೀರ ಎತ್ತರವಿದ್ದರೆ ಗಾಳಿ ಹನಿಯನ್ನು ಹಾರಿಸಿಕೊಂಡು ಹೋಗುತ್ತದೆ. ಹತ್ತಿರದ ಮರವಾಗಲಿ ಗೋಡೆಯಾಗಲಿ ತನ್ನ ಎತ್ತರದ ಎರಡು ಪಟ್ಟಿಗಿಂತ ಕಡಿಮೆ ದೂರದಲ್ಲಿ ಇರಕೂಡದು. ಆ ಬಾಯಿಯೊಳಗೆ ಒಂದು ಮಿ.ಮೀ. ಮಳೆ ಬಿದ್ದರೆ ಬಾಟಲಿಗೆ ಬರುವುದು ಹದಿಮೂರು ಮಿ.ಲೀ.ಗಿಂತ ತುಸು ಕಡಿಮೆ ನೀರು. ಅದೇ ಒಂದು ಮಿ.ಮೀ. ಒಂದು ಎಕರೆ ಹೊಲದಲ್ಲಿ 4,000 ಲೀಟರಿಗೂ ಹೆಚ್ಚು. ಆಲಿಕೆಯ ತೂತಿಗೆ ಒಂದು ಒಣ ಎಲೆ ಅಡ್ಡಬಿದ್ದರೆ ಇಡೀ ತಾಲ್ಲೂಕಿನ ಲೆಕ್ಕ ತಪ್ಪುತ್ತದೆ. ಈ ಕೆಲಸಕ್ಕೆ ಬೇಕಾದ ಶಿಸ್ತು ಸಾಮಾನ್ಯದ್ದಲ್ಲ.

ಹಳೆಯ ದಾಖಲೆ ಹುಡುಕಲು ಹೊರಡುವವರು ಊರಿನ ಹೆಸರು ಹಿಡಿದು ಹೋದರೆ ದಾರಿ ತಪ್ಪಬಹುದು. ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ 1884ರ ಧಾರವಾಡ ಗ್ಯಾಸೆಟಿಯರ್‌ನಲ್ಲಿ ಹಿರೇಕೆರೂರು ಎಂಬ ತಾಲ್ಲೂಕಿಲ್ಲ. ಇರುವುದು ಕೋಡ ತಾಲ್ಲೂಕು. ಅದರ ಕಚೇರಿ ಮಾತ್ರ ಹಿರೇಕೆರೂರಿನಲ್ಲಿ. ಶಿಗ್ಗಾವಿಯಲ್ಲಿ ಕಚೇರಿ ಇದ್ದ ತಾಲ್ಲೂಕಿನ ಹೆಸರು ಬಂಕಾಪುರ. ಸವಣೂರಂತೂ ಕಲೆಕ್ಟರರ ಜಿಲ್ಲೆಗೇ ಸೇರಿರಲಿಲ್ಲ; ಅದು 1948ರವರೆಗೂ ನವಾಬರ ಸಂಸ್ಥಾನ, ಸುಮಾರು 70 ಚದರ ಮೈಲಿಯದು. ನಾಲ್ಕರಲ್ಲಿ ಹಾನಗಲ್ಲ ಒಂದೇ ತನ್ನ ಹೆಸರಿನಲ್ಲೇ ತಾಲ್ಲೂಕಾಗಿತ್ತು. ಆಮೇಲೆ ಎಲ್ಲವೂ ಒಂದು ಜಿಲ್ಲೆಯೊಳಗೆ ಬಂದವು, 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆಯಾಯಿತು. ಆಡಳಿತದ ಗಡಿ ಹೀಗೆ ಸರಿದಾಡುತ್ತಿದ್ದಾಗಲೂ ಮಳೆ ತನ್ನ ಪಾಡಿಗೆ ಘಟ್ಟದಿಂದ ಇಳಿದು ಬರುತ್ತಲೇ ಇತ್ತು.

ಹಿರೇಕೆರೂರಿನ ಸಂಗತಿ ಇನ್ನೂ ಸ್ವಾರಸ್ಯದ್ದು. ಮಾಸೂರಿನ ಹತ್ತಿರದ ಮದಗದ ಕೆರೆ ವಿಜಯನಗರದ ಕಾಲದ್ದು. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕುಮುದ್ವತಿಯನ್ನು ತಡೆದ ಭಾರಿ ಕೆಲಸ. ಆ ನದಿ ಹುಟ್ಟುವುದು ಶಿವಮೊಗ್ಗ ಜಿಲ್ಲೆಯ ಹುಂಚದ ಕಡೆ. ಅಂದರೆ ಬ್ರಿಟಿಷರ ಕಾಲದಲ್ಲಿ ಕೆರೆ ಮುಂಬಯಿ ಪ್ರಾಂತದ್ದು, ಕೆರೆ ತುಂಬಿಸುವ ಮಳೆ ಮೈಸೂರು ಸಂಸ್ಥಾನದ್ದು. ಮೈಸೂರು ತನ್ನ ಮಳೆಯನ್ನು ಬೇರೆಯಾಗಿಯೇ ಲೆಕ್ಕ ಹಾಕುತ್ತಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲ್ ಜಾನ್ ಕುಕ್ ಅವರ ಉಸ್ತುವಾರಿಯಲ್ಲಿ 1892-93ರ ಹೊತ್ತಿಗೆ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳು ಎದ್ದವು. ಒಂದೇ ನದಿಯ ನೀರು ಎರಡು ಸರ್ಕಾರಗಳ ಪುಸ್ತಕದಲ್ಲಿ ಹಂಚಿಹೋಯಿತು. ವರದಾ ನದಿಯದೂ ಇದೇ ಕಥೆ. ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಸುತ್ತಿ, ಹಾನಗಲ್ಲ-ಸವಣೂರು ಸೀಮೆ ಹಾದು ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. 2019ರ ಆಗಸ್ಟಿನಲ್ಲಿ ವರದಾ ದಂಡೆಯ ಊರುಗಳಿಗೆ ನೀರು ನುಗ್ಗಿದಾಗ ಇಲ್ಲಿ ಬಿದ್ದ ಮಳೆಯನ್ನಷ್ಟೇ ನೋಡಿದ್ದರೆ ಅರ್ಧ ಕಥೆ. ಉಳಿದರ್ಧ ಸಾಗರ, ಸೊರಬದ ಮಾಪಕಗಳಲ್ಲಿತ್ತು.

ಅಳೆಯುವುದನ್ನು ಕಲಿಯುವುದೂ ಒಂದು ಕಸುಬು. 1940ರ ದಶಕದ ಮೊದಲರ್ಧದಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಶಾಲೆಯಲ್ಲಿ ವಜ್ರ, ಮಾಣಿಕ್ಯಗಳ ಬೆಳಕನ್ನು ಅಭ್ಯಾಸ ಮಾಡಿದ ಅಣ್ಣಾ ಮಣಿ, ಯುದ್ಧ ಮುಗಿದ ಮೇಲೆ ಹವಾಮಾನದ ಉಪಕರಣಗಳನ್ನು ಕಲಿಯಲು ಲಂಡನ್ನಿಗೆ ಹೋದರು. 1948ರಲ್ಲಿ ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿದರು. ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲೇ ತಯಾರಿಸಲು ನೂರರಷ್ಟು ಉಪಕರಣಗಳ ನಕ್ಷೆಗಳನ್ನು ಒಂದೇ ಮಾನಕಕ್ಕೆ ತಂದರು. ತಪ್ಪು ಅಳತೆ ಅಳತೆಯೇ ಇಲ್ಲದ್ದಕ್ಕಿಂತ ಕೆಟ್ಟದ್ದು ಎಂಬುದು ಅವರ ನಿಲುವು. ಊರೂರಿನ ಅಂಕಿಗಳನ್ನು ಇವತ್ತು ಪಕ್ಕಪಕ್ಕ ಇಟ್ಟು ಹೋಲಿಸಲು ಆಗುತ್ತದೆಂದರೆ ಅದರ ಹಿಂದೆ ಅಂಥವರ ಹಟವಿದೆ.

ಇವತ್ತು ಕಲಿಯುವವರು ಹಾವೇರಿ ಜಿಲ್ಲೆಯಲ್ಲೇ ಸಿಗುತ್ತಾರೆ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜು, ಕೃಷಿ ವಿಜ್ಞಾನ ಕೇಂದ್ರಗಳಿವೆ. ಬಿ.ಎಸ್ಸಿ. ಕೃಷಿಯ ಕೊನೆಯ ವರ್ಷದವರು ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕೆಲಸ ಕಲಿಯುವುದು ಪಠ್ಯದ ಭಾಗ. ಒಣ ಮತ್ತು ಹಸಿ ಉಷ್ಣಮಾಪಕಗಳ ವ್ಯತ್ಯಾಸದಿಂದ ಗಾಳಿಯ ತೇವ ಲೆಕ್ಕ ಹಾಕುವುದು, ಗಾಜಿನ ಗೋಲದಡಿ ಸುಟ್ಟ ಕಾಗದದ ಗೆರೆಯಿಂದ ಎಷ್ಟು ತಾಸು ಬಿಸಿಲಿತ್ತೆಂದು ಹೇಳುವುದು ಕೃಷಿ ಹವಾಮಾನದ ಮೊದಲ ಪಾಠಗಳು. ಬೆನ್ ನೆವಿಸ್‌ನಲ್ಲಿ ವಿಲ್ಸನ್ ಕಂಡ ಬಣ್ಣದ ಬಳೆ ಇಲ್ಲಿ ಕಾಣದಿರಬಹುದು. ಈ ತೇವದ ಅಂಕಿ ನೋಡಿ ಎಲೆಬಳ್ಳಿಗೆ ರೋಗ ಬರುವ ಮುನ್ನ ರೈತ ಎಚ್ಚರಗೊಳ್ಳುವುದು ಅದಕ್ಕಿಂತ ಸಣ್ಣ ಫಲವಲ್ಲ.

ಮಳೆಯ ಲೆಕ್ಕ ಇಡುವ ರೀತಿಯಲ್ಲಿ ಬದಲಾವಣೆಯ ಗಾಳಿ ರಾಜ್ಯದಲ್ಲಿ 1988ರಲ್ಲೇ ಬೀಸಿತ್ತು. ಆ ವರ್ಷ ಬೆಂಗಳೂರಿನಲ್ಲಿ ಬರ ಉಸ್ತುವಾರಿ ಕೋಶ ಶುರುವಾಯಿತು. ಮುಂದೆ ಅದೇ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಈಗ ಗ್ರಾಮ ಪಂಚಾಯಿತಿಗೊಂದರಂತೆ, ತಾವೇ ಅಂಕಿ ಕಳಿಸುವ ಟೆಲಿಮೆಟ್ರಿಕ್ ಮಳೆಮಾಪಕಗಳಿವೆ. ಒಳಗೆ ಎರಡು ಪುಟ್ಟ ಬಟ್ಟಲು. ಒಂದು ತುಂಬಿದಾಗ ಬಾಗಿ ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಎಷ್ಟು ಸಲ ಬಾಗಿತು ಎಂಬ ಎಣಿಕೆ 15 ನಿಮಿಷಕ್ಕೊಮ್ಮೆ ಬೆಂಗಳೂರು ಮುಟ್ಟುತ್ತದೆ. ‘ವರುಣ ಮಿತ್ರ’ ಸಹಾಯವಾಣಿಗೆ ಫೋನ್ ಮಾಡಿದ ರೈತನಿಗೆ ತನ್ನ ಪಂಚಾಯಿತಿಯ ಮಳೆಯ ಸ್ಥಿತಿ ಕೇಳಿಸುತ್ತದೆ.

ಈ ಅಂಕಿಗೆ ಈಗ ದುಡ್ಡಿನ ಬೆಲೆಯೂ ಬಂದಿದೆ. 2016ರಲ್ಲಿ ಹೊಸ ರೂಪ ಪಡೆದ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಮಾವು, ಅಡಕೆ, ಶುಂಠಿಯಂಥ ಬೆಳೆಗಳಿಗೆ ಪರಿಹಾರ ನಿಲ್ಲುವುದು ಮಾಪಕ ಹೇಳಿದ ಮಳೆಯ ಮೇಲೆ. ತೋಟಕ್ಕೆ ಬಂದು ಯಾರೂ ಕಾಯಿ ಎಣಿಸುವುದಿಲ್ಲ. ಹಾನಗಲ್ಲದ ಮಾವಿನ ರೈತ ಪಂಚಾಯಿತಿ ಆವರಣದ ಪಾತ್ರೆಯ ಬಗ್ಗೆ ಜಗಳಕ್ಕೆ ನಿಂತರೆ ಅದರಲ್ಲಿ ನ್ಯಾಯವಿದೆ. ಬರ ಘೋಷಣೆಯೂ ಹಾಗೆಯೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗ ಮೊದಲು ನೋಡಿದ್ದು ವಾಡಿಕೆ ಮಳೆಗಿಂತ ಎಷ್ಟು ಕೊರತೆ, ಸತತ ಎಷ್ಟು ವಾರ ಒಣ ಎಂಬುದನ್ನು.

ವಾಡಿಕೆ ಮಳೆ ಎಂದರೇನು? ಹತ್ತಾರು ವರ್ಷಗಳ ಅಳತೆಯ ಸರಾಸರಿ. ದೇಶದ ಮುಂಗಾರಿನ ವಾಡಿಕೆಯನ್ನು ಹವಾಮಾನ ಇಲಾಖೆ 1961-2010ರ ಅಂಕಿಗಳಿಂದ 880.6 ಮಿ.ಮೀ. ಎಂದು ಇಟ್ಟುಕೊಂಡಿತ್ತು, 1971-2020ರ ಅಂಕಿಗಳಿಂದ 2022ರಲ್ಲಿ ಅದನ್ನು 868.6ಕ್ಕೆ ಇಳಿಸಿತು. ದಿನದಿನದ ಮಳೆಯನ್ನು 1901ರಿಂದ ಚೌಕಚೌಕವಾಗಿ ತೋರಿಸುವ ದೇಶದ ನಕ್ಷೆಗೆ 6,955 ಮಾಪಕಗಳ ದಾಖಲೆ ಬಳಸಿದ್ದಾರೆ. ಉಪಗ್ರಹ ಎಷ್ಟೇ ಎತ್ತರದಲ್ಲಿರಲಿ, 1918ರ ಮಳೆಯನ್ನು ಈಗ ಅಳೆದು ಕೊಡಲಾರದು. ಅಂದು ಒದ್ದೆ ಕಂಬಳಿ ಹೊದ್ದು ಬಾಟಲಿ ಎತ್ತಿದವನ ಅಂಕಿಯೊಂದೇ ನಮ್ಮ ಕೈಯಲ್ಲಿರುವುದು. ಬೆಟ್ಟದ ತುದಿಯ ವಿಜ್ಞಾನಿಗೆ ಸಲ್ಲುವ ಗೌರವ ಅವನಿಗೂ ಸಲ್ಲಬೇಕು.

ಹಳೆಯ ಮಳೆ ಪುಸ್ತಕಗಳು ಉಳಿದಿದ್ದರೆ ತಾಲ್ಲೂಕು ಕಚೇರಿಗಳ ರೆಕಾರ್ಡು ಕೋಣೆಗಳಲ್ಲಿ, ಪ್ರವಾಸಿ ಮಂದಿರಗಳ ಕಪಾಟುಗಳಲ್ಲಿ ಉಳಿದಿರಬೇಕು. ಒಂದೊಂದು ಮಳೆಗಾಲ ಕಳೆದಂತೆ ಅವು ಗೆದ್ದಲಿಗೂ ಸೋರುವ ಹಂಚಿಗೂ ಸಿಕ್ಕು ನಮಗೆ ಕಡಿಮೆಯಾಗುತ್ತವೆ. ನಾಲ್ಕೂ ಊರುಗಳಲ್ಲಿ ಕಾಲೇಜುಗಳಿವೆ, ವಿದ್ಯಾರ್ಥಿಗಳ ಕೈಯಲ್ಲಿ ಕ್ಯಾಮೆರಾ ಇರುವ ಫೋನುಗಳಿವೆ. ತಹಶೀಲ್ದಾರರ ಒಪ್ಪಿಗೆ ಪಡೆದು, ಭೂಗೋಳ ಮತ್ತು ಇತಿಹಾಸದ ಅಧ್ಯಾಪಕರು ಮುಂದೆ ನಿಂತರೆ ಒಂದು ಬೇಸಿಗೆ ರಜೆಯಲ್ಲಿ ಪುಟಪುಟವನ್ನೂ ಚಿತ್ರ ತೆಗೆದು ಪಟ್ಟಿ ಮಾಡಬಹುದು. ಸವಣೂರಿನ ನವಾಬರ ಕಾಲದ ಕಾಗದಗಳನ್ನೂ ಕೋಡ, ಬಂಕಾಪುರಗಳ ಹೆಸರಿನ ಕಡತಗಳನ್ನೂ ಸೇರಿಸಿಯೇ ಹುಡುಕಬೇಕು. ಆ ಕೆಲಸ ಈ ವರ್ಷವೇ ಶುರುವಾಗಲಿ. ಓದುಗರೂ ತಮ್ಮ ಪಂಚಾಯಿತಿಗೆ ಹೋದಾಗ ಮಳೆಮಾಪಕ ಎಲ್ಲಿದೆ ಎಂದು ಕೇಳಿ ನೋಡಲಿ, ಅದರ ಮೇಲೆ ಮರದ ಕೊಂಬೆ ಬಾಗಿದ್ದರೆ ಅಧ್ಯಕ್ಷರಿಗೆ ಅಂದೇ ಹೇಳಲಿ.